ಪಡುವಣ ಗೋಡೆಗೆ ಬಳ್ಳಿ, ರಸ್ತೆಗೆ ಮರ: ಎರಡೂ ಬೇಕು

ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ನಿಮ್ಮ ಆರ್‌ಸಿಸಿ ಮನೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಕೈ ಚುರುಗುಟ್ಟುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಆ ಗೋಡೆ ರಾತ್ರಿಯಿಡೀ ಮನೆಯೊಳಗೆ ಬಿಡುತ್ತದೆ. ಕಲಬುರಗಿ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ನಗರಗಳು ಇದಕ್ಕೆ ಕಂಡುಕೊಂಡ ಒಂದು ಉಪಾಯ ಹಸಿರು ಗೋಡೆ. ಗೋಡೆಗೆ ಚೌಕಟ್ಟು ಕೂರಿಸಿ, ಕುಂಡ ಜೋಡಿಸಿ, ಪೈಪಿನಲ್ಲಿ ನೀರು ಬಿಟ್ಟು ಗಿಡ ಬೆಳೆಸುತ್ತಾರೆ. ಸಿಂಗಪುರದ ಹಾರ್ಟ್‌ಪಾರ್ಕ್‌ನಲ್ಲಿ ಎಂಟು ಬಗೆಯ ಹಸಿರು ಗೋಡೆಗಳನ್ನು ನಿಲ್ಲಿಸಿ ಅಳೆದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬರಿಗೋಡೆಗಿಂತ ಹಸಿರು ಗೋಡೆಯ ಮೈ ಒಮ್ಮೊಮ್ಮೆ 11 ಡಿಗ್ರಿಗೂ ಹೆಚ್ಚು ತಂಪಾಗಿತ್ತು.

ಕಾರಣ ಎರಡು. ಎಲೆ ಬಿಸಿಲನ್ನು ತಡೆಯುತ್ತದೆ. ಎಲೆಯಿಂದ ಆವಿಯಾಗುವ ನೀರು ಶಾಖ ಹೀರುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.7 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ನೀರು ಸಿಕ್ಕರೆ, ಕರಾವಳಿಗಿಂತ ನಮ್ಮ ಒಣ ಹವೆಯಲ್ಲಿ ಈ ಕೆಲಸ ಚುರುಕು.

ನಮ್ಮ ತಕರಾರು ಬೇರೆ ಇದೆ. ನಮ್ಮ ಪಟ್ಟಣದಲ್ಲಿ ರಸ್ತೆ ಅಗಲ ಮಾಡಲು ಬೇವಿನ ಮರಗಳನ್ನು ಕಡಿದರು. ಆಮೇಲೆ ಕಾಂಪೌಂಡ್ ಗೋಡೆಗೆ ಕುಂಡ ನೇತುಹಾಕಿ, ಹಸಿರು ಬಂತು ಎಂದು ಫೋಟೊ ತೆಗೆಸಿಕೊಂಡರು. ಟ್ಯಾಂಕರ್ ಬರುವುದು ನಿಂತಿತು, ಗಿಡ ಒಣಗಿದವು. ಇದ್ದಾಗಲೂ ಅವುಗಳ ತಂಪು ಗೋಡೆಯ ಹತ್ತಿರಕ್ಕಷ್ಟೇ. ನಾಲ್ಕು ಹೆಜ್ಜೆ ಆಚೆ ಹೋದರೆ ಗೊತ್ತೇ ಆಗುತ್ತಿರಲಿಲ್ಲ. ಬಸ್ಸಿಗೆ ಕಾಯುವವರಿಗೆ, ಸೊಪ್ಪು ಮಾರುವ ಅಜ್ಜಿಗೆ ಬೇಕಾದದ್ದು ನೆರಳು. ಅದನ್ನು ಮರವೇ ಕೊಡಬೇಕು.

ಹಾಗಂತ ಬಳ್ಳಿ ಬೇಡ ಎನ್ನುತ್ತಿಲ್ಲ. ಮನೆಗೆ ಚೌಕಟ್ಟು, ಪಂಪು ಯಾವುದೂ ಬೇಡ. ಮುಂಗಾರು ಮಳೆ ಬಿದ್ದಾಗ ಪಡುವಣ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ನೆಲದಲ್ಲೇ ತೊಂಡೆ ಬಳ್ಳಿಯ ಕಡ್ಡಿ ಹಚ್ಚಿ. ಗೋಡೆಗೆ ತಾಗದಂತೆ ತಂತಿ ಕಟ್ಟಿ ಹಬ್ಬಿಸಿ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ದಿನಾ ಅದರ ಬುಡಕ್ಕೆ ಹೋಗಲಿ. ಹಾವು, ಹುಳದ ಹೆದರಿಕೆ ಇದ್ದರೆ ಬುಡದಿಂದ ಎರಡಡಿವರೆಗೆ ಎಲೆ ತೆಗೆದು ಚೊಕ್ಕಟವಾಗಿಡಿ. ಗೋಡೆಗೆ ನೆರಳು, ಅಡುಗೆಗೆ ಕಾಯಿ.

ಶಾಲೆಯ, ಅಂಗನವಾಡಿಯ ಗೋಡೆಗೂ ಇದೇ ಮಾತು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಆದರೆ ಊರಿನಲ್ಲಿ ಯಾರಾದರೂ ಮರ ಕಡಿದು ಅದರ ಬದಲು ಕುಂಡ ತೋರಿಸಿದರೆ ಒಪ್ಪಬೇಡಿ. ಕಡಿದ ಮರಕ್ಕೆ ಮರವನ್ನೇ ಕೇಳಿ.