ಹೊಳಪು ನಾಣ್ಯದ್ದಲ್ಲ, ಅಚ್ಚಿನದು

"ಗುರು, ಪ್ರೂಫ್ ಕಂಡಿಷನ್ ನಾಣ್ಯ ಅಂತೆ, ತಗೊಳ್ಲಾ?" ಅಂತ ಪಕ್ಕದ ಸೀಟಿನ ಗೆಳೆಯ ಮೊನ್ನೆ ಮೊಬೈಲ್ ತೋರಿಸಿದ. ಫೋಟೊದಲ್ಲಿ ನಾಣ್ಯವೇನೋ ಫಳಫಳ ಅಂತಿತ್ತು. ಆದರೆ 'ಪ್ರೂಫ್ ಕಂಡಿಷನ್' ಅನ್ನೋ ಮಾತೇ ತಪ್ಪು. ಪ್ರೂಫ್ ಅಂದ್ರೆ ನಾಣ್ಯ ಎಷ್ಟು ಚೆನ್ನಾಗಿದೆ ಅನ್ನೋದಲ್ಲ, ಅದನ್ನು ಹೇಗೆ ಮಾಡಿದರು ಅನ್ನೋದು. ಹುಟ್ಟುವಾಗ ಪ್ರೂಫ್ ಆಗಿರದ ನಾಣ್ಯ ಎಷ್ಟು ತಿಕ್ಕಿದರೂ ಪ್ರೂಫ್ ಆಗಲ್ಲ.

ಹೆಸರು ಬಂದದ್ದೇ ಪರೀಕ್ಷೆಯಿಂದ. ಹಿಂದೆ ಟಂಕಸಾಲೆಯವರು ಹೊಸ ಅಚ್ಚು ಸರಿಯಾಗಿದೆಯಾ ಅಂತ ನೋಡೋಕೆ ಮೊದಲು ಕೆಲವು ನಾಣ್ಯ ಒತ್ತಿ ಪರೀಕ್ಷಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟೆಸ್ಟ್ ಬಿಲ್ಡ್. ಆಮೇಲೆ ಅದೇ ಸಂಗ್ರಹಕಾರರಿಗಾಗಿ ಮಾಡುವ ವಿಶೇಷ ನಾಣ್ಯವಾಯ್ತು.

ಗುಟ್ಟೆಲ್ಲ ಇರೋದು ಉಕ್ಕಿನ ಅಚ್ಚಿನಲ್ಲಿ. ನಾಣ್ಯದಲ್ಲಿ ಉಬ್ಬಿರುವ ಚಿತ್ರ ಅಚ್ಚಿನಲ್ಲಿ ತಗ್ಗಾಗಿರುತ್ತೆ. ನಾಣ್ಯದ ಸಪಾಟು ಬಯಲು ಅಚ್ಚಿನಲ್ಲಿ ಮೇಲಿರುತ್ತೆ. ಆ ಬಯಲನ್ನು ವಜ್ರದ ಪುಡಿಯ ಪೇಸ್ಟ್ ಹಾಕಿ ಕನ್ನಡಿಯಾಗುವವರೆಗೆ ಉಜ್ಜುತ್ತಾರೆ. ತಗ್ಗಿನ ಚಿತ್ರವನ್ನು ಮಾತ್ರ ನುಣ್ಣನೆ ಮರಳಿನಂಥ ಕಣ ಸಿಡಿಸಿ, ಈಗೀಗ ಲೇಸರ್‌ನಿಂದ, ತರಿತರಿ ಮಾಡುತ್ತಾರೆ. ಒತ್ತಿದಾಗ ಕನ್ನಡಿ ಬಯಲಿಗೂ, ಮಂಜಿನಂಥ ಬಿಳುಪು ಚಿತ್ರಕ್ಕೂ ಇಳಿಯುತ್ತೆ.

ಬರೀ ಅಚ್ಚು ಸಾಲದು. ಒತ್ತಬೇಕಾದ ಲೋಹದ ಬಿಲ್ಲೆಯನ್ನೂ ಮೊದಲೇ ಹೊಳಪು ಮಾಡಿ, ತೊಳೆದು ಒಣಗಿಸಿರಬೇಕು. ಚಲಾವಣೆಯ ನಾಣ್ಯಗಳನ್ನು ಈಗಿನ ಯಂತ್ರಗಳು ನಿಮಿಷಕ್ಕೆ ನೂರಾರು ಉದುರಿಸುತ್ತವೆ. ಪ್ರೂಫ್ ಬಿಲ್ಲೆಯನ್ನು ಒಂದೊಂದಾಗಿ ಇಟ್ಟು, ಹೆಚ್ಚಿನ ಒತ್ತಡದಲ್ಲಿ, ನಿಧಾನವಾಗಿ, ಕನಿಷ್ಠ ಎರಡು ಸಲ ಒತ್ತುತ್ತಾರೆ. ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯಬೇಕಲ್ಲ, ಅದಕ್ಕೆ. ಅಚ್ಚಿನ ಮೇಲೆ ಒಂದು ನೂಲಿನ ಎಳೆ ಬಿದ್ದರೂ ನಾಣ್ಯದಲ್ಲಿ ಅದರ ಗುರುತು. ಆಮೇಲೆ ಕೈಗವಸು ಹಾಕಿ, ಅಂಚು ಮಾತ್ರ ಹಿಡಿದು, ಪರೀಕ್ಷಿಸಿ ಕ್ಯಾಪ್ಸೂಲ್‌ನಲ್ಲಿ ಮುಚ್ಚುತ್ತಾರೆ. ಒತ್ತುತ್ತಾ ಹೋದಂತೆ ಅಚ್ಚಿನ ತರಿ ಸವೆಯುತ್ತೆ. ಮತ್ತೆ ಸರಿಮಾಡಬೇಕು, ಇಲ್ಲಾ ಬದಲಿಸಬೇಕು.

ಅಂದ್ರೆ ಆ ಕನ್ನಡಿ ನಾಣ್ಯಕ್ಕೆ ಬಳಿದ ಪಾಲಿಶ್ ಅಲ್ಲ, ಒತ್ತಡದಲ್ಲಿ ಮೂಡಿದ ಅತಿ ತೆಳುವಾದ ಮೇಲ್ಮೈ. ಒಮ್ಮೆ ಗೀರಿದರೆ ಹೋಯ್ತು, ವಾಪಸ್ ತರೋಕೆ ಆಗಲ್ಲ.

ನಮ್ಮ ದೊಡ್ಡಪ್ಪ ಹೀಗೊಂದು ಬೆಳ್ಳಿ ಮಿಶ್ರಿತ ಪ್ರೂಫ್ ಸೆಟ್ ಜೋಪಾನ ಮಾಡಿದ್ದರು. ಅವರು ತೀರಿಕೊಂಡ ವರ್ಷ ಲಕ್ಷ್ಮೀಪೂಜೆಗೆ ಇಡೋಣ ಅಂತ ದೊಡ್ಡಮ್ಮ ಡಬ್ಬಿ ಬಿಚ್ಚಿ, ಪೂಜೆ ಸಾಮಾನಿನ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ಬೆಳಗಿದರು. ಪ್ರೀತಿಯಿಂದಲೇ. ಬೆಳಗಿದ ಮೇಲೆ ಎಲ್ಲ ಒಂದೇ ಹೊಳಪು: ಕನ್ನಡಿಯೂ ಇಲ್ಲ, ಮಂಜೂ ಇಲ್ಲ. ನಾಣ್ಯದ ಅಂಗಡಿಯವರು ಬೆಳ್ಳಿಯ ತೂಕಕ್ಕಷ್ಟೇ ಬೆಲೆ ಹೇಳಿದರು. ದೊಡ್ಡಮ್ಮನಿಗೆ ದುಡ್ಡಿನ ಬೇಜಾರಿಲ್ಲ. "ಅವರು ಇದನ್ನ ಯಾಕೆ ಮುಟ್ಟಬೇಡ ಅಂತಿದ್ರು ಅಂತ ಈಗ ಗೊತ್ತಾಯ್ತು ಕಣೋ" ಅಂದರು. ಆ ಮಾತೇ ನನಗೆ ಹೆಚ್ಚು ಚುಚ್ಚಿತು.

ತೂಕದ ಲೆಕ್ಕ ಅಂದ್ರೆ ಏನು? 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಬಂದ ₹75ರ ನಾಣ್ಯ ನೋಡಿ: 44 ಮಿ.ಮೀ. ಅಗಲ, 35 ಗ್ರಾಂ ತೂಕ. ಅದರಲ್ಲಿ ಬೆಳ್ಳಿ ಶೇ 50, ತಾಮ್ರ ಶೇ 40, ನಿಕ್ಕಲ್ ಮತ್ತು ಸತು ತಲಾ ಶೇ 5. ಅಂದ್ರೆ ಬೆಳ್ಳಿ ಹದಿನೇಳೂವರೆ ಗ್ರಾಂ, ಅಷ್ಟೇ. ಇಂಥ ನಾಣ್ಯಕ್ಕೆ ಮಿಕ್ಕ ಬೆಲೆ ಬರೋದು ಮಾಡಿದ ಕೆಲಸಕ್ಕೆ ಮತ್ತು ಅದು ಕೆಡದೆ ಉಳಿದದ್ದಕ್ಕೆ.

ಹಾಗಾಗಿ ಕೊಳ್ಳುವ ಮುಂಚೆ ನಾಣ್ಯವನ್ನು ಬೆಳಕಿಗೆ ಹಿಡಿದು ವಾಲಿಸಿ ನೋಡಿ. ಬಯಲು ಕನ್ನಡಿಯ ಹಾಗೆ ಕಪ್ಪಾಗಿ, ಚಿತ್ರ ಬೆಳ್ಳಗೆ ಎದ್ದು ಕಾಣಬೇಕು. ಎಲ್ಲ ಕಡೆ ಒಂದೇ ಹೊಳಪು, ಸಣ್ಣ ಗೀರು ಇದ್ದರೆ ಅನುಮಾನ ಪಡಿ. ಟಂಕಸಾಲೆಯ ಮೂಲ ಪೆಟ್ಟಿಗೆ ಕೇಳಿ. ಮನೆಗೆ ತಂದ ಮೇಲೆ ಕ್ಯಾಪ್ಸೂಲ್ ಬಿಚ್ಚಬೇಡಿ, ಮೆತ್ತನೆ ಬಟ್ಟೆಯಲ್ಲೂ ಒರೆಸಬೇಡಿ, ಪಿವಿಸಿ ಕವರಿನಲ್ಲಿ ಇಡಬೇಡಿ.

ಇನ್ನೊಂದು ಕೆಲಸ, ಖರ್ಚಿಲ್ಲದ್ದು. ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿ: ಇದು ಏನು, ಯಾಕೆ ಬೆಳಗಬಾರದು ಅಂತ ನಾಲ್ಕು ಸಾಲು. ಮುಂದೆ ಆ ಪೆಟ್ಟಿಗೆ ಬಿಚ್ಚುವವರಿಗೆ ಹೇಳೋಕೆ ನಾವು ಪಕ್ಕದಲ್ಲಿ ಇರಲ್ಲ.