ವಿನೋದದ ಖರ್ಚು, ಧರ್ಮದ ಖಾತೆ

ಕಿರ್ದಿ ಬರೆಯುವ ವ್ಯಾಪಾರಿಯು ಪಾಲಿಸಬೇಕಾದ ಮೊದಲ ನಿಯಮವೆಂದರೆ, ಯಾವ ಬಾಬಿನ ಖರ್ಚೋ ಆ ಬಾಬಿಗೇ ಅದನ್ನು ಹಾಕುವುದು. ಮನೆಯ ಖರ್ಚನ್ನು ಅಂಗಡಿಯ ಖಾತೆಗೆ ಬರೆದವನ ತಾಳೆಪಟ್ಟಿ ಕೂಡಿಬರಬಹುದು. ಆದರೂ ಆ ಲೆಕ್ಕ ಸುಳ್ಳೇ ಸರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ನಮ್ಮ ಶ್ರಾವಕ ಸಮಾಜದಲ್ಲಿ ಇಂಥದೊಂದು ಸುಳ್ಳು ಲೆಕ್ಕ ರೂಢಿಗೆ ಬರುತ್ತಿದೆ. ‘ತೀರ್ಥಯಾತ್ರೆ’ ಎಂಬ ತಲೆಬರಹದ ಕರಪತ್ರ ಬರುತ್ತದೆ. ಮೊದಲನೆಯ ದಿನ ಶ್ರವಣಬೆಳಗೊಳ, ಎರಡನೆಯ ದಿನ ಮೈಸೂರು, ಮೂರನೆಯ ದಿನ ಬಿಡದಿಯ ವಂಡರ್‌ಲಾ! ಕುಟುಂಬಗಳು ಹಾಗೆಯೇ ಯೋಜಿಸುತ್ತವೆ. ಕೆಲವೆಡೆ ಬಸದಿಯ ಟ್ರಸ್ಟುಗಳೂ ಬಸ್ಸಿನ ಏರ್ಪಾಟು ಮಾಡುತ್ತವೆ. ಈ ಲೇಖನದ ವಿರೋಧವಿರುವುದು ವಿನೋದಕ್ಕಲ್ಲ, ವಿನೋದಕ್ಕೆ ತೀರ್ಥದ ಹೆಸರಿಡುವುದಕ್ಕೆ.

ಆ ಉದ್ಯಾನವನ್ನು ನಡೆಸುವವರ ಮೇಲೆ ದೋಷ ಹೊರಿಸುವುದು ಅನ್ಯಾಯ. 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಉದ್ಯಾನವನ್ನು ತೆರೆದ ಆ ಸಂಸ್ಥೆ 2005ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಗೆ ಬಂದಿತು. 2012ರಲ್ಲಿ ಅಲ್ಲಿಯೇ ತಂಗುವ ರೆಸಾರ್ಟನ್ನೂ ಕಟ್ಟಿತು. 2016ರಲ್ಲಿ ಹೈದರಾಬಾದಿಗೆ, 2024ರಲ್ಲಿ ಭುವನೇಶ್ವರಕ್ಕೆ ಹಬ್ಬಿತು. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿ ತೆರೆದ ಡಿಸ್ನಿಲ್ಯಾಂಡಿನಿಂದ ಇಂದಿನವರೆಗೆ ಇಂಥ ಉದ್ಯಾನಗಳೆಲ್ಲ ತಮ್ಮ ಸರಕನ್ನು ವಿನೋದವೆಂದೇ ಹೇಳಿ ಮಾರಿವೆ. ಮಾರುವವನು ಸತ್ಯವನ್ನೇ ನುಡಿದಿದ್ದಾನೆ. ಕೊಂಡವರಾದ ನಾವು ಅದಕ್ಕೆ ಧರ್ಮದ ಚೀಟಿ ಅಂಟಿಸಿ ಮನೆಗೆ ತರುತ್ತಿದ್ದೇವೆ.

‘ಹೆಸರಿನಲ್ಲೇನಿದೆ? ಎರಡೂ ಒಂದೇ ದಾರಿಯಲ್ಲಿವೆಯಲ್ಲ’ ಎನ್ನುವವರುಂಟು. ಹೆಸರಿನಲ್ಲಿಯೇ ಎಲ್ಲವೂ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲೊಂದಾದ ಪ್ರಮಾದಚರ್ಯೆಯಲ್ಲಿ ನಿಷ್ಪ್ರಯೋಜನವಾಗಿ ನೀರನ್ನು ಕೆದಕುವುದನ್ನೂ ಸುಮ್ಮನೆ ತಿರುಗುವುದನ್ನೂ ಸೇರಿಸಿದ್ದಾರೆ. ಇತರರನ್ನು ತಿರುಗಿಸುವುದನ್ನೂ ಬಿಟ್ಟಿಲ್ಲ. ಅಲೆಯ ಕೊಳವೂ ಗಿರಕಿ ಹೊಡೆಸುವ ಯಂತ್ರವೂ ಈ ವ್ಯಾಖ್ಯೆಯಿಂದ ತಪ್ಪಿಸಿಕೊಳ್ಳಲಾರವು. ಹಾಗೆಂದು ಸಂಸಾರದಲ್ಲಿರುವ ಗೃಹಸ್ಥನು ಮುನಿಯಲ್ಲ. ಮಕ್ಕಳ ಸಂತೋಷಕ್ಕಾಗಿ ಅವನು ಇಂಥ ಅಲ್ಪದೋಷಗಳನ್ನು ತಿಳಿದೇ ಮಾಡುತ್ತಾನೆ. ತಿಳಿದು ಮಾಡಿದ ದೋಷವನ್ನು ಸಂಜೆ ಪ್ರತಿಕ್ರಮಣದಲ್ಲಿ ನೆನೆಯಬಹುದು, ಮುಂದಿನ ಸಲ ಕಡಿಮೆ ಮಾಡಬಹುದು. ಆದರೆ ಪುಣ್ಯವೆಂದು ಬರೆದುಕೊಂಡದ್ದಕ್ಕೆ ಪ್ರತಿಕ್ರಮಣವೆಲ್ಲಿಯದು? ಜಮೆಯ ಪುಟಕ್ಕೆ ಹೋದ ಸಾಲವನ್ನು ಯಾರೂ ತೀರಿಸುವುದಿಲ್ಲ.

ಇದರಿಂದ ಮೊದಲು ನಷ್ಟಹೊಂದುವವರು ಮಕ್ಕಳು. ತೀರ್ಥವೆಂದರೆ ದಾಟುವ ಸ್ಥಳ. 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನನ್ನು ಕಾಣಲು ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ನಾಡಿದ್ದಿನ ಜಾರುಬಂಡೆಯ ಆಸೆ ತೋರಿಸಿ ಮಗುವನ್ನು ಅಲ್ಲಿಗೆ ಏರಿಸಿದರೆ, ಅದು ಗೊಮ್ಮಟನನ್ನು ಕಾಣುವುದಿಲ್ಲ. ಜಾರುಬಂಡೆಗೆ ತೆರಬೇಕಾದ ಸುಂಕವನ್ನು ಮಾತ್ರ ಕಾಣುತ್ತದೆ. ‘ಹೀಗಾದರೂ ಮಕ್ಕಳು ಕ್ಷೇತ್ರಕ್ಕೆ ಬರುತ್ತಾರಲ್ಲ’ ಎಂಬ ಸಮಾಧಾನ ಸಲ್ಲದು. ಕಹಿ ಗುಳಿಗೆಯೆಂದು ನಾವೇ ಹೇಳಿ ಬೆಲ್ಲದಲ್ಲಿ ಸುತ್ತಿ ಕೊಟ್ಟ ಧರ್ಮವು ಅವರಿಗೆ ಜೀವನಪೂರ್ತಿ ಕಹಿಯೆಂದೇ ನೆನಪಿರುತ್ತದೆ.

ಇನ್ನು ಕೆಲವು ವಿದ್ಯಾವಂತರು ರತ್ನಾಕರವರ್ಣಿಯ ಭರತೇಶ ವೈಭವವನ್ನು ಮುಂದೊಡ್ಡುತ್ತಾರೆ: ಭರತ ಚಕ್ರವರ್ತಿಯು ಭೋಗದಲ್ಲಿದ್ದೂ ಯೋಗಿಯಾಗಿರಲಿಲ್ಲವೆ? ಇದ್ದನು, ನಿಜ. ಆದರೆ ಭರತೇಶನು ಭೋಗವನ್ನು ಭೋಗವೆಂದು ಅರಿತಿದ್ದನು. ಆತ್ಮಧ್ಯಾನದ ಸಮಯ ಬಂದಾಗ ಅದರಿಂದ ಏಳಬಲ್ಲವನಾಗಿದ್ದನು. ಸೂರ್ಯಾಸ್ತಕ್ಕೆ ಮೊದಲು ಉದ್ಯಾನದ ಬಾಗಿಲು ದಾಟಿ ಹೊರಬರಲಾರದ ನಾವು ಅವನ ಉಪಮೆಯನ್ನು ಎತ್ತದಿರುವುದೇ ಲೇಸು.

ಹಾಗಾದರೆ ಹೋಗಬಾರದೆ? ಹೋಗಬೇಕೆನ್ನುವ ಕುಟುಂಬ ಹೋಗಲಿ. ವಿನೋದಕ್ಕೆಂದು ಹೇಳಿ ಹೋಗಲಿ, ಮಿತಿಯನ್ನು ಮೊದಲೇ ಬರೆದಿಟ್ಟು ಹೋಗಲಿ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಸಮಂತಭದ್ರರು ಭೋಜನ, ವಾಹನ, ಶಯನ, ಸ್ನಾನ ಮೊದಲಾದವನ್ನು ಎಣಿಸಿ, ಇಂದು, ಹಗಲು, ರಾತ್ರಿ, ಪಕ್ಷ, ಮಾಸ ಎಂದು ಕಾಲಾವಧಿ ಗೊತ್ತುಮಾಡಿ ತ್ಯಜಿಸುವುದನ್ನು ನಿಯಮವೆಂದು ಕರೆದಿದ್ದಾರೆ. ಅಲ್ಲಿಗೆ ಹೋಗುವವರ ಮೊದಲ ಯೋಜನೆಗೆ ಇದಕ್ಕಿಂತ ಉತ್ತಮ ಪಟ್ಟಿ ಬೇಕಿಲ್ಲ.

ವಾಹನ: ನಮ್ಮ ಭಾಗದಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಳಗ್ಗೆ ನೇರವಾಗಿ ಉದ್ಯಾನಕ್ಕೆ ನುಗ್ಗುವುದು ಮಕ್ಕಳಿಗೂ ಹಿರಿಯರಿಗೂ ಹಿಂಸೆ. ಒಂದು ದಿನ ವಿಶ್ರಮಿಸಿ, ರಜೆಯ ಜಾತ್ರೆಯನ್ನು ತಪ್ಪಿಸಿ ವಾರದ ನಡುವಿನ ದಿನವನ್ನು ಆರಿಸಬೇಕು. ಭಾದ್ರಪದದ ದಶಲಕ್ಷಣ ಪರ್ವ ಮತ್ತು ದೀಪಾವಳಿಯ ವೀರನಿರ್ವಾಣ ದಿನಗಳಂತೂ ಕೂಡದು.

ಭೋಜನ: ಇಂಥ ಉದ್ಯಾನಗಳಲ್ಲಿ ಹೊರಗಿನ ಬುತ್ತಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಉಳ್ಳಾಗಡ್ಡಿ, ಬಟಾಟಿ, ಬೆಳ್ಳುಳ್ಳಿ ಇಲ್ಲದ ಊಟ ದೊರೆಯುವುದೋ ಇಲ್ಲವೋ ಎಂಬುದನ್ನು ಟಿಕೆಟ್ಟಿಗೆ ಮೊದಲೇ ಕೇಳಿ ತಿಳಿಯಬೇಕು. ಬಾಗಿಲು ಮುಚ್ಚುವವರೆಗೆ ನಿಂತರೆ ರಾತ್ರಿಭೋಜನ ತಪ್ಪದು. ಸಂಜೆ ನಾಲ್ಕೂವರೆಗೆ ಹೊರಡುವುದೆಂದು ಮಕ್ಕಳಿಗೆ ಮನೆಯಲ್ಲಿಯೇ ಹೇಳಿ ಒಪ್ಪಿಸಬೇಕು. ಅಲ್ಲಿ ಹೋದ ಮೇಲೆ ಹೇಳಿದರೆ ಅದು ನಿಯಮವಲ್ಲ, ಜಗಳ.

ಸ್ನಾನ: ನೀರಿನ ಆಟಗಳಿಗೆ ನೈಲಾನಿನಂಥ ಬಟ್ಟೆಯೇ ಬೇಕೆಂಬ ಕಟ್ಟಳೆಯುಂಟು. ಇಳಕಲ್ ಸೀರೆ ಉಟ್ಟ ಅಜ್ಜಿಗೆ ಅಲ್ಲಿ ಉಳಿಯುವ ಕೆಲಸ ಚೀಲ ಕಾಯುವುದೊಂದೇ. ಅವಳನ್ನು ‘ಯಾತ್ರೆಗೆ ಬಾ’ ಎಂದು ಕರೆದೊಯ್ದು ದಿನವಿಡೀ ಕಟ್ಟೆಯ ಮೇಲೆ ಕೂರಿಸುವ ಮಕ್ಕಳು ವಂಚಿಸುತ್ತಿರುವುದು ಸ್ವಂತ ತಾಯಿಯನ್ನೇ. ವಿನೋದಕ್ಕೆಂದು ತಿಳಿಸಿದ್ದರೆ ಆಕೆ ಮನೆಯಲ್ಲಿಯೇ ಸುಖವಾಗಿರುತ್ತಿದ್ದಳೇನೋ; ಕೇಳುವ ಸೌಜನ್ಯವಾದರೂ ಬೇಡವೆ?

ಧನ: ಸಾಲು ತಪ್ಪಿಸಿ ಮುಂದೆ ಹೋಗಲು ಹೆಚ್ಚಿನ ಬೆಲೆಯ ಬೇರೆ ಟಿಕೆಟ್ ಉಂಟು. ಹಣವಿದ್ದವನು ಕಾಯುತ್ತಿರುವ ಮಕ್ಕಳ ಮುಂದೆಯೇ ದಾಟಿಹೋಗುವ ವ್ಯವಸ್ಥೆಯದು. ನಮ್ಮ ಮಕ್ಕಳು ಇತರರಂತೆ ಸಾಲಿನಲ್ಲಿಯೇ ನಿಲ್ಲಲಿ. ಅಲ್ಲಿ ಕಲಿಯಬಹುದಾದ ಒಂದು ಪಾಠವಾದರೂ ಅದು. ಸಾಲ ಮಾಡಿ, ಕಂತು ಕಟ್ಟಿ ಹೋಗುವ ವಿನೋದವಂತೂ ವ್ಯಾಪಾರಿಯ ಮನೆಗೆ ಶೋಭಿಸದು.

ಟ್ರಸ್ಟಿಗಳಲ್ಲಿ ನನ್ನ ನಿವೇದನೆ ಇನ್ನಷ್ಟು ಕಠಿಣವಾದದ್ದು. ದಾನಿಯು ಯಾತ್ರೆಗೆಂದು ಕೊಟ್ಟ ಹಣದಲ್ಲಿ ಒಂದು ರೂಪಾಯಿ ವಿನೋದದ ಬಾಗಿಲಿಗೆ ಹೋದರೂ ಅದು ದಾನದ ದುರುಪಯೋಗ. ಟಿಕೆಟ್ಟಿನ ಹಣವನ್ನು ಅವರವರೇ ಕೊಟ್ಟರೆಂಬ ಉತ್ತರ ಸಾಲದು. ಬಸ್ಸಿನ ಬಾಡಿಗೆ, ಚಾಲಕನ ಭತ್ತೆ, ಆ ದಿನದ ವಸತಿ ಯಾರ ಖಾತೆಯಲ್ಲಿವೆ? ತಾನು ತಿರುಗುವುದು ಗೃಹಸ್ಥನ ದೋಷವಾದರೆ, ಸಮಾಜವನ್ನೇ ತಿರುಗಿಸುವುದು ಟ್ರಸ್ಟಿನ ದೋಷ. ನಿಜವಾದ ಯಾತ್ರೆ ಮಾಡಿಸಬೇಕೆಂದರೆ ದೂರ ಹೋಗಬೇಕಾಗಿಯೂ ಇಲ್ಲ. 634ರಲ್ಲಿ ರವಿಕೀರ್ತಿಯು ಕಟ್ಟಿಸಿದ ಜಿನಾಲಯ ಐಹೊಳೆಯ ಮೇಗುಟಿ ಬೆಟ್ಟದ ಮೇಲಿದೆ. ಇಮ್ಮಡಿ ಪುಲಕೇಶಿಯ ಕೀರ್ತಿಯನ್ನೂ ಕಾಳಿದಾಸ ಭಾರವಿಯರ ಹೆಸರನ್ನೂ ಹೊತ್ತ ಅವನ ಶಾಸನ ಅಲ್ಲಿಯ ಗೋಡೆಯಲ್ಲಿದೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥನೂ ಬಾಹುಬಲಿಯೂ ಇದ್ದಾರೆ. ಇಲ್ಲಿಗೆ ಮಕ್ಕಳನ್ನು ಕರೆದೊಯ್ಯಲು ಯಾವ ಆಮಿಷವೂ ಬೇಡ. ಶಾಸನವನ್ನು ಓದಿ ಹೇಳಬಲ್ಲ ಒಬ್ಬ ಹಿರಿಯ ಬಸ್ಸಿನಲ್ಲಿದ್ದರೆ ಸಾಕು.

ಮುಂದಿನ ರಜೆಗೆ ಕರಪತ್ರ ಅಚ್ಚುಹಾಕಿಸುವ ಮುನ್ನ ಪ್ರತಿಯೊಂದು ಟ್ರಸ್ಟೂ ತನ್ನ ಸಭೆಯಲ್ಲಿ ಒಂದು ಠರಾವು ಮಾಡಲಿ: ಯಾತ್ರೆಯ ಪಟ್ಟಿಯಲ್ಲಿ ಕ್ಷೇತ್ರಗಳು ಮಾತ್ರ ಇರತಕ್ಕದ್ದು. ವಿನೋದಕ್ಕೆ ಹೋಗುವ ಕುಟುಂಬ ತನ್ನ ದುಡ್ಡಿನಲ್ಲಿ, ತನ್ನ ಹೆಸರಿನಲ್ಲಿ, ತನ್ನ ಮಿತಿಯಲ್ಲಿ ಹೋಗಿಬರಲಿ. ಆಗ ವಿನೋದವೂ ಹಗುರಾಗುತ್ತದೆ, ತೀರ್ಥವೂ ತೀರ್ಥವಾಗಿಯೇ ಉಳಿಯುತ್ತದೆ.