ಅಣ್ಣನ ಜಾವಾ

ನಮ್ಮ ಅಣ್ಣನ ಜಾವಾ ಬೈಕು ಧಾರವಾಡದ ಮಾಳಮಡ್ಡಿಯ ಮನೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ 22 ವರ್ಷ ಮಲಗಿತ್ತು. ಅದರ ಸೀಟಿನ ಕೆಳಗೆ ಇಲಿ ಮರಿ ಹಾಕಿತ್ತು. ಹ್ಯಾಂಡಲಿನ ಮೇಲೆ ನಮ್ಮ ಮನೆಯವರು ಒದ್ದೆ ಗೋಣಿಚೀಲ ಒಣಗಿಸುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ಹುಬ್ಬಳ್ಳಿಯಿಂದ ಅಣ್ಣನ ಫೋನು ಬಂತು. ದೀಪಾವಳಿ ಮುಗಿಸಿಕೊಂಡು ಮಗನ ಹತ್ತಿರ ಪುಣೆಗೆ ಹೋಗಿ ಇರುವುದೆಂದು ತೀರ್ಮಾನ ಮಾಡಿದ್ದ.

"ಗಾಡಿ ಏನ್ ಮಾಡೂದು?" ಎಂದು ಕೇಳಿದೆ.

"ಓಡಿಸ್ಕೊಂಡ್ ಬಂದು ನಮ್ಮ ಮನಿ ಮುಂದ ನಿಲ್ಲಸು, ನಿಂದು. ಟೆಂಪೋದಾಗ ಹೇರ್ಕೊಂಡ್ ಬಂದ್ರ ಗುಜರಿಗೆ," ಎಂದ. ಎಪ್ಪತ್ತೆಂಟು ವರ್ಷದವನ ಚಾಷ್ಟಿ ಹೀಗೇ ಇರುತ್ತದೆ. ಆದರೆ ಅವನು ಚಾಷ್ಟಿ ಮಾಡುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಮಾಳಮಡ್ಡಿಯಿಂದ ಅವನಿರುವ ವಿದ್ಯಾನಗರಕ್ಕೆ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದಾರಿ. ಚಿಗರಿ ಬಸ್ಸು ಹತ್ತಿದರೆ ಒಂದು ನಿದ್ದೆಯೂ ಆಗುವುದಿಲ್ಲ. ನನಗೆ ಎರಡೂವರೆ ತಿಂಗಳು ಹಿಡಿಯಿತು.

ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಸಹಾಯಕ್ಕೆ ಇದ್ದವಳು ಆರನೇ ತರಗತಿಯ ಮೊಮ್ಮಗಳು. ಪೆಟ್ರೋಲು ಮುಟ್ಟುವ ಕೆಲಸ ನನ್ನದು, ಟಾರ್ಚು ಹಿಡಿಯುವ ಮತ್ತು ಪ್ರಶ್ನೆ ಕೇಳುವ ಕೆಲಸ ಅವಳದು ಎಂದು ಮೊದಲ ದಿನವೇ ಒಪ್ಪಂದ ಆಯಿತು.

ಈಗಿನ ಮಕ್ಕಳಿಗೆ ಜಾವಾ ಗೊತ್ತಿರಲಿಕ್ಕಿಲ್ಲ. ಅಜ್ಜಂದಿರಿಗೆ ಹೆಸರು ಕೇಳಿದರೆ ಸಾಕು, ಮೂಗಿಗೆ ಹೊಗೆಯ ವಾಸನೆ ಬರುತ್ತದೆ. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ತಯಾರಿಸುವ ಹಕ್ಕು ಕೊಂಡರು. ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಇದು. ಅಲ್ಲಿಯವರು 'ಯಾವಾ' ಎನ್ನುತ್ತಾರಂತೆ. ಧಾರವಾಡದಲ್ಲಿ ಹಾಗೆಂದರೆ "ಯಾಂವಾ? ಯಾರ ಮಗಾ?" ಎಂದು ಕೇಳಿಯಾರು! ನಮ್ಮ ನಾಡಿನಲ್ಲಿ ಇದು ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಇರಾನಿ ಮನೆತನದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿತು. ಮುಂದೆ ಅವೇ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಣ್ಣನದು 1969ರ ಬೈಕು, ಎಂದರೆ ಹೆಸರು ಬದಲಾಗುವುದಕ್ಕೆ ಮುಂಚಿನದು.

ಅದರಲ್ಲೊಂದು ಮಜಾ ಇದೆ. ಗೇರು ಹಾಕುವ ಕಡ್ಡಿಯೂ ಅದೇ, ಕಿಕ್ ಹೊಡೆಯುವ ಕಡ್ಡಿಯೂ ಅದೇ. ಎಡಗಾಲಿನ ಹತ್ತಿರದ ಆ ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಆಗುತ್ತದೆ. ಬೈಕು ಶುರುವಾದ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರು. ಮೊಮ್ಮಗಳು ಮೊದಲ ದಿನ ಅದನ್ನು ನಲವತ್ತು ಸಲ ಮೇಲೆ ಕೆಳಗೆ ಮಾಡಿದಳು.

ಬಹಳ ದಿನ ನಿಂತ ಬೈಕಿಗೆ ಬಂದ ಕೂಡಲೇ ಕಿಕ್ ಹೊಡೆಯಬಾರದು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ತುಕ್ಕಿಗೆ ಅಂಟಿಕೊಂಡಿದ್ದರೆ ಒಳಗೆಲ್ಲ ಗೀರು ಬೀಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು ಎರಡು ದಿನ ಸುಮ್ಮನಿದ್ದೆವು. ಮೂರನೇ ದಿನ ಕಿಕ್ ಕಡ್ಡಿಯನ್ನು ಕೈಯಿಂದ ಮೆಲ್ಲಗೆ ಒತ್ತಿದೆ. ಸ್ವಲ್ಪ ಮುನಿಸಿಕೊಂಡು, ಆಮೇಲೆ ಸರಿಯಿತು. (ಪಿಸ್ಟನ್ನಿನ ಅಗಲ 65 ಮಿಲಿಮೀಟರ್, ಅದರ ಓಡಾಟ 75 ಮಿಲಿಮೀಟರ್. ದೊಡ್ಡ ತರಗತಿಯ ಮಕ್ಕಳು ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿರಿ: 249 ಘನ ಸೆಂಟಿಮೀಟರಿನ ಹತ್ತಿರ ಬರುತ್ತದೆ. ಅಂಗಡಿಯವರು 250 ಸಿಸಿ ಅನ್ನುವುದು ಇದನ್ನೇ.)

ಟ್ಯಾಂಕಿನೊಳಗೆ ಹಳೆಯ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಆಗಿತ್ತು, ಸುತ್ತ ತುಕ್ಕು. ಅದನ್ನೆಲ್ಲ ತೊಳೆದು ತೆಗೆದ ಮೇಲೆ ಒಂದು ಹಿಡಿ ಸಣ್ಣ ನಟ್ಟುಗಳನ್ನೂ ವಿನೆಗರನ್ನೂ ಹಾಕಿ, ಬಾಯಿ ಮುಚ್ಚಿ, ಟ್ಯಾಂಕನ್ನು ಗಿಲಕಿಯ ಹಾಗೆ ಅಲ್ಲಾಡಿಸಿದೆವು. ಓಣಿಯ ಹುಡುಗರೆಲ್ಲ ಸೇರಿ ಪಾಳಿ ಹಚ್ಚಿದರು. ಮೂರು ದಿನ ಓಣಿಗೆ ಮಧ್ಯಾಹ್ನದ ನಿದ್ದೆ ಇರಲಿಲ್ಲ. ನಟ್ಟು ಎಣಿಸಿ ಹಾಕಿದ್ದು ನನ್ನ ಪುಣ್ಯ. ಎಣಿಸಿಯೇ ಹೊರಗೆ ತೆಗೆದೆವು.

ಆಮೇಲೆ ಕಾರ್ಬುರೇಟರ್. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕಳಿಸುವ ಪುಟ್ಟ ಪಾತ್ರೆ ಅದು. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಅದು ಕಟ್ಟಿಕೊಂಡರೆ ಸೂಜಿ ಚುಚ್ಚಬೇಕೆನಿಸುತ್ತದೆ. ಚುಚ್ಚಬಾರದು, ತೂತು ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ತಪ್ಪುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು. ಮೊಮ್ಮಗಳು ಹೊಡೆದಳು. ಕಿಡಿ ಹುಟ್ಟಿಸುವ ಪಾಯಿಂಟುಗಳು ಕಪ್ಪಾಗಿದ್ದವು. ಅವನ್ನು ನಯವಾಗಿ ಉಜ್ಜಿ, ನಡುವೆ 0.4 ಮಿಲಿಮೀಟರ್ ಅಂತರ ಇಟ್ಟು, ಹೊಸದೊಂದು 6 ವೋಲ್ಟಿನ ಬ್ಯಾಟರಿ ಕೂಡಿಸಿದೆ. ಜಾವಾದಂಥ ಟೂ ಸ್ಟ್ರೋಕ್ ಬೈಕಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಕಲಸಬೇಕು, ಲೀಟರಿಗೆ 40 ಮಿಲಿ. ಆ ಎಣ್ಣೆ ಸುಟ್ಟೇ ನೀಲಿ ಹೊಗೆ ಬರುವುದು. ಒಂದು ಲೀಟರ್ ಕಲಸಿ ಹಾಕಿದೆ.

ಹದಿನೇಳನೇ ಕಿಕ್ಕಿಗೆ ಬೈಕು ಎದ್ದಿತು. ನಮ್ಮ ಮನೆಯವರು ಅಡುಗೆಮನೆಯಿಂದ ಓಡಿ ಬಂದು, "ಹಸೀ ಗೋಣಿಚೀಲಾ ಇನ್ನ ಎಲ್ಲಿ ಹಾಕ್ಲಿ?" ಎಂದರು.

ಕಂಪೌಂಡಿನೊಳಗೆ ಅರ್ಧ ಅರ್ಧ ತಾಸು ಓಡಿಸಿದೆ. ನಿಲ್ಲಲಿಲ್ಲ. ಬ್ರೇಕು, ಟೈರು, ದೀಪ ಹೊಸದಾದವು. ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ಆರ್‌ಟಿಒ ಕಚೇರಿಗೆ ಹೋಗಿ ತೋರಿಸಿ, ತೀರಿಹೋಗಿದ್ದ ಕಾಗದಪತ್ರ ನವೀಕರಿಸಿದೆ. (ಈ ಟೆಂಪೋ ಲೆಕ್ಕಕ್ಕಿಲ್ಲ ಎಂದು ಅಣ್ಣನಿಂದ ಮೊದಲೇ ಒಪ್ಪಿಗೆ ತೆಗೆದುಕೊಂಡಿದ್ದೆ.) ನಂತರ ಪೂರ್ತಿ ಬೈಕಿಗೆ ಮೇಣದ ಪಾಲಿಶ್ ಹಚ್ಚಿ, ಕ್ರೋಮಿನಲ್ಲಿ ನನ್ನ ಮುಖ ಕಾಣುವವರೆಗೆ ತಿಕ್ಕಿದೆ. ಟ್ಯಾಂಕಿನ ಮುಚ್ಚಳಕ್ಕೆ ಎರಡು ಕೈ ಹೆಚ್ಚೇ ಪಾಲಿಶ್ ಬಿತ್ತು. ಈ ಮಾತು ನೆನಪಿಟ್ಟುಕೊಳ್ಳಿರಿ.

ಅರ್ಧ ಟ್ಯಾಂಕ್ ಪೆಟ್ರೋಲು ಹಾಕಿಸಿ, ಹೆಲ್ಮೆಟ್ ಹಾಕಿಕೊಂಡು ಹುಬ್ಬಳ್ಳಿಗೆ ಹೊರಟೆ. ಟೋಲ್ ನಾಕಾ ದಾಟಿತು. ಗಾಂಧಿನಗರದ ಹತ್ತಿರ ಬೈಕು ಕೆಮ್ಮಿತು, ಎರಡು ಸಲ ಜಗ್ಗಿತು, ನಿಂತಿತು. ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲು ಇತ್ತು. ಮುಚ್ಚಿ ಕಿಕ್ ಹೊಡೆದೆ, ಶುರು! ವಾಪಸ್ ತಿರುಗಿಸಿದೆ, ಮನೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗ ಮತ್ತೆ ನಿಂತಿತು. ನೂಕಿಕೊಂಡು ಬಂದೆ. ನೂಕುವವನ ಹತ್ತಿರ ಎಲ್ಲರೂ ನಿಲ್ಲುತ್ತಾರೆ, ಎಲ್ಲರ ಹತ್ತಿರವೂ ಒಂದೊಂದು ಸಲಹೆ ಇರುತ್ತದೆ.

ಮುಂದಿನ ಮೂರು ವಾರ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬಿಸಿಗೆ ಕಿಡಿ ಸಾಯುತ್ತಿದೆ ಎಂದು ಕಾಯಿಲ್ ಬದಲಿಸಿದೆ. ಅದೇ ದಿನ ಪ್ಲಗ್ಗನ್ನೂ ಬದಲಿಸಿದೆ, ಪಾಯಿಂಟಿನ ಅಂತರವನ್ನೂ ಮುಟ್ಟಿದೆ, ಕಾರ್ಬುರೇಟರಿನ ಸ್ಕ್ರೂವನ್ನೂ ತಿರುಗಿಸಿದೆ. ಈಗ ಬೈಕು ಮೊದಲಿಗಿಂತ ಕೆಟ್ಟದಾಗಿ ಓಡತೊಡಗಿತು, ಯಾವುದರಿಂದ ಕೆಟ್ಟಿತೆಂದು ನನಗೇ ತಿಳಿಯದಾಯಿತು. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಒಂದೊಂದೇ ನಮೂದು ನೋಡುತ್ತ ಹೋಗುತ್ತಿದ್ದ ನಾನು, ಇಲ್ಲಿ ಇಡೀ ಲೆಡ್ಜರ್ ಹರಿದುಹಾಕಿದ್ದೆ.

ಮೊಮ್ಮಗಳು ಒಂದು ಹಳೆಯ ನೋಟುಬುಕ್ಕು ತಂದು ಗೆರೆ ಹೊಡೆದಳು: ತಾರೀಖು, ಏನು ಬದಲಿಸಿದ್ದು, ಎಷ್ಟು ಪೆಟ್ರೋಲು, ಎಲ್ಲಿ ನಿಂತಿತು. ಒಂದು ದಿನಕ್ಕೆ ಒಂದೇ ಬದಲಾವಣೆ ಎಂದು ಆಜ್ಞೆ ಮಾಡಿದಳು. ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿ ಮತ್ತೆ ಶುರುಮಾಡಿದೆವು. ನಾಲ್ಕು ದಿನದ ಮೇಲೆ ಅವಳು ಪುಸ್ತಕ ಹಿಡಿದು ಬಂದಳು.

"ಅಜ್ಜಾ, ಇದು ಬಿಸಿಗೆ ನಿಲ್ಲೂದಿಲ್ಲ. ಮನ್ಯಾಗ ಲೀಟರ್ ಪೆಟ್ರೋಲಿನ ಮ್ಯಾಲ ಅರ್ಧಾ ತಾಸು ಓಡ್ತದ. ಅರ್ಧಾ ಟ್ಯಾಂಕ್ ಇದ್ರ ಗಾಂಧಿನಗರದಾಗ ನಿಲ್ತದ. ನಿನ್ನೆ ಫುಲ್ ಮಾಡ್ಸಿದ್ರಿ, ಟೋಲ್ ನಾಕಾನೂ ಮುಟ್ಲಿಲ್ಲ."

ಪೆಟ್ರೋಲು ಹೆಚ್ಚಿದಷ್ಟೂ ಬೇಗ ನಿಲ್ಲುವ ಬೈಕು! ಉಂಡಷ್ಟೂ ಹಸಿಯುವ ಹೊಟ್ಟೆಯಂತೆ.

ಮರುದಿನ ಅವಳನ್ನು ಕರೆದುಕೊಂಡು ಹೊರಟೆ. ನಿಂತ ಜಾಗದಲ್ಲಿ, ರಸ್ತೆ ಬದಿಗೆ ಸರಿಸಿ, ಎಂದಿನಂತೆ ಮುಚ್ಚಳ ತೆಗೆದೆ. "ತಡೀರಿ!" ಎಂದಳು. "ಉಸ್ಸ್ ಅಂತು." ನನ್ನ ಕಿವಿಗೆ ಕೇಳಿರಲಿಲ್ಲ. ಮುಚ್ಚಿ, ಕಿಕ್ ಹೊಡೆದು, ಮತ್ತೆ ನಿಲ್ಲುವವರೆಗೆ ಓಡಿಸಿ ಮತ್ತೆ ತೆಗೆದೆ. ಈ ಸಲ ಬಗ್ಗಿ ಕಿವಿ ಕೊಟ್ಟೆ. ಉಸ್ಸ್! ಟ್ಯಾಂಕು ಗಾಳಿ ಒಳಗೆಳೆದುಕೊಳ್ಳುತ್ತಿತ್ತು.

ಅಡುಗೆ ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿರಿ. ಎಣ್ಣೆ ಗಳ ಗಳ ಎಂದು ತಡೆದು ತಡೆದು ಬೀಳುತ್ತದೆ. ಎದುರಿಗೆ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬರುತ್ತದೆ. ಹೊರಹೋದ ಎಣ್ಣೆಯ ಜಾಗಕ್ಕೆ ಗಾಳಿ ಬರಬೇಕು, ಬರದಿದ್ದರೆ ಹೊರಗಿನ ಗಾಳಿಯ ಒತ್ತಡವೇ ಎಣ್ಣೆಯನ್ನು ತಡೆದು ನಿಲ್ಲಿಸುತ್ತದೆ. ಬೈಕಿನ ಟ್ಯಾಂಕಿನಲ್ಲಿ ಆ ಎರಡನೇ ತೂತು ಇರುವುದು ಮುಚ್ಚಳದಲ್ಲಿ. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದಾಗ ಮೇಲೆ ಬೇಕಾದಷ್ಟು ಗಾಳಿ ಇರುತ್ತದೆ. ಸ್ವಲ್ಪ ಪೆಟ್ರೋಲು ಇಳಿದರೂ ಆ ಗಾಳಿ ಹಿಗ್ಗಿ ಜಾಗ ತುಂಬಿಕೊಳ್ಳುತ್ತದೆ. ಟ್ಯಾಂಕ್ ಭರ್ತಿಯಿದ್ದರೆ ಹಿಗ್ಗಲು ಗಾಳಿಯೇ ಇಲ್ಲ, ಬೇಗ ಉಸಿರು ಕಟ್ಟುತ್ತದೆ. ನಿಂತಾಗಲೆಲ್ಲ ನಾನು ಮುಚ್ಚಳ ತೆಗೆದು ನೋಡುತ್ತಿದ್ದೆನಲ್ಲ, ಅದರಿಂದಲೇ ಬೈಕು ಮತ್ತೆ ಶುರುವಾಗುತ್ತಿತ್ತು.

ಮನೆಗೆ ಬಂದು ಮುಚ್ಚಳ ತಿರುವಿ ನೋಡಿದರೆ ಸಣ್ಣ ತೂತಿನ ತುಂಬ ಬೆಳ್ಳಗೆ ಗಟ್ಟಿಯಾದ ಪಾಲಿಶ್. ನಾನೇ ತಿಕ್ಕಿ ತಿಕ್ಕಿ ತುಂಬಿದ್ದು. ಇಲ್ಲಿ ಸೂಜಿ ಚುಚ್ಚಬಹುದು. ಮೊಮ್ಮಗಳೇ ಚುಚ್ಚಿದಳು.

ನರಕ ಚತುರ್ದಶಿಗೆ ನಾಲ್ಕು ದಿನ ಮೊದಲು, ಭಾನುವಾರ ಬೆಳಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳು, ಅವಳ ಚೀಲದಲ್ಲಿ ನೋಟುಬುಕ್ಕು ಮತ್ತು ಸೂಜಿ. ಗಾಂಧಿನಗರ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಅದು ದಾಟಿತು. ನವಲೂರಿನಲ್ಲಿ ಪೇರಲಹಣ್ಣು ಮಾರುವವರನ್ನು ಕಂಡು ನಿಲ್ಲಿಸಲೇ ಎಂದು ಕೇಳಿದೆ. "ಬ್ಯಾಡ, ಬ್ಯಾಡ!" ಎಂದು ಬೆನ್ನಿಗೆ ಗುದ್ದಿದಳು. ರಾಯಾಪುರ, ನವನಗರ, ಭೈರಿದೇವರಕೊಪ್ಪ, ಉಣಕಲ್ಲ ಕೆರೆ.

ಅಣ್ಣನ ಮನೆ ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ ಅವನು ಬನಿಯನ್ನಿನಲ್ಲಿಯೇ ಗೇಟಿಗೆ ಬಂದು ನಿಂತಿದ್ದ. ಮಂಡಿನೋವಿಗೆ ಮೆಟ್ಟಿಲಿಳಿಯಲು ಅವನಿಗೆ ಐದು ನಿಮಿಷ ಬೇಕು; ಸಪ್ಪಳ ಎಷ್ಟು ದೂರದಿಂದ ಕೇಳಿತೋ!

ಮುಚ್ಚಳದ ಕಥೆಯನ್ನು ಮೊಮ್ಮಗಳು ಒಂದೇ ಉಸಿರಿನಲ್ಲಿ ಹೇಳಿದಳು. ಅಣ್ಣ ನನ್ನ ಕಡೆ ನೋಡಿದ. "ಅದನ್ನ ನಾ ತಿಂಗಳಿಗೊಮ್ಮೆ ಪಿನ್ ಹಾಕಿ ಸಾಫ್ ಮಾಡ್ತಿದ್ದೆ. ಒಂದ್ ಫೋನ್ ಮಾಡಿ ಕೇಳಬಾರದಾ?"

ನಾನು ಉತ್ತರ ಕೊಡದೆ ಕೀಲಿ ತೆಗೆಯಲು ಕೈ ಚಾಚಿದೆ. ಹಳೆಯ ಜಾವಾದ ಕೀಲಿ ಎಂದರೆ ಮೊಳೆಯಂಥದೊಂದು ಕಡ್ಡಿ.

"ಇರ್ಲಿ, ಬಂದ್ ಮಾಡಬ್ಯಾಡ," ಎಂದ ಅಣ್ಣ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೆಲ್ಲಗೆ ಕೂತ. ಎದುರು ಮನೆಯವರು ಹೊಗೆಗೆ ಕಿಟಕಿ ಮುಚ್ಚಿಕೊಂಡರು. "ಇನ್ನ ಸ್ವಲ್ಪ ಹೊತ್ತು ಇರ್ಲಿ."